ಮೊದಲ ಮೇಜಿನ ಬಂದೂಕು

ಕೆಲವರ ಮಾತು ನಾಲಿಗೆಯ ತುದಿಯಲ್ಲಿರುತ್ತದೆ, ಕೆಲವರದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನದು ಅಷ್ಟು ದೂರವೂ ಬರುವುದಿಲ್ಲ. ಹೊಟ್ಟೆಯಲ್ಲೇ ಕುಳಿತು ಅಲ್ಲೇ ಮುದಿಯಾಗುತ್ತದೆ. ಭಾಲ್ಕಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಗುರುಗಳು ಹೆಸರು ಕೂಗಿದಾಗ 'ಹಾಜರ್' ಎನ್ನಬೇಕಿತ್ತು. ಒಂದಿಡೀ ವರ್ಷ ಆ ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. ಆದ್ದರಿಂದ ಹಾಜರಿ ಪುಸ್ತಕದ ಪ್ರಕಾರ ಆ ವರ್ಷ ನಾನು ಶಾಲೆಗೆ ಹೋಗಿಯೇ ಇಲ್ಲ, ಪರೀಕ್ಷೆಯಲ್ಲಿ ಮಾತ್ರ ಪಾಸಾಗಿದ್ದೇನೆ. ಮಕ್ಕಳೇ, ನೀವೆಲ್ಲ ಓದುವುದು ಮರಾಠಿಯಲ್ಲಿ. ಆದರೆ ಕನ್ನಡದ ಅಕ್ಷರಗಳನ್ನು ನಿಮಗೆ ನಾನೇ ಕಲಿಸಿದ್ದೇನೆ, ಹಾಗಾಗಿ ಇದನ್ನು ಓದಲು ಬರುವುದಿಲ್ಲವೆಂಬ ನೆಪ ನಡೆಯುವುದಿಲ್ಲ. ದಸರೆಯ ಪೂಜೆಗೆ ಈಗ ಬಂದೂಕನ್ನು ಯಾಕೆ ಇಡುವುದಿಲ್ಲ ಎಂದು ನೀವು ಒಬ್ಬೊಬ್ಬರಾಗಿ ಕೇಳಿದಿರಿ. ಬಾಯಲ್ಲಿ ಹೇಳುವುದು ನನ್ನಿಂದ ಆಗದ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾಗಿ ನಿಲಂಗಾದ ಹತ್ತಿರದ ಹಳ್ಳಿಗೆ ಬಂದಾಗ ನನ್ನಂಥವಳಿಗೆ ಹೇಳಿ ಮಾಡಿಸಿದಂಥ ಪದ್ಧತಿಯೊಂದು ಆ ಮನೆಯಲ್ಲಿತ್ತು. ಗಂಡನ ಅಣ್ಣನ ಮುಂದೆ ಸೊಸೆ ನೇರವಾಗಿ ಮಾತಾಡುವಂತಿಲ್ಲ. ತಲೆಯ ಮೇಲೆ ಸೆರಗು, ಬಾಗಿಲ ಹಿಂದೆ ಮೈ, ಮಾತೇನಿದ್ದರೂ ನಡುವೆ ನಿಂತ ಮಗುವಿನ ಮೂಲಕ. ಮಗುವಿಲ್ಲದಿದ್ದರೆ ಕಂಬಕ್ಕೆ ಹೇಳಬೇಕು. 'ಊಟಾ ತಯಾರ ಅದ' ಎಂದು ನಾನು ಕಂಬಕ್ಕೆ ಹೇಳುತ್ತಿದ್ದೆ, 'ಬಂದೆ' ಎಂದು ಭಾವನವರೂ ಕಂಬಕ್ಕೇ ಹೇಳುತ್ತಿದ್ದರು. ಓಣಿಯ ಬೇರೆ ಸೊಸೆಯರು ಈ ಪದ್ಧತಿಯನ್ನು ಬೈಯುತ್ತಿದ್ದರು. ನಾನು ಮಾತ್ರ ಇದು ಭಾವನವರೊಬ್ಬರಿಗೇ ಯಾಕೆ, ಊರಿಗೆಲ್ಲ ಯಾಕಿಲ್ಲ ಎಂದುಕೊಳ್ಳುತ್ತಿದ್ದೆ. ಭಾವನವರು, ಅಂದರೆ ನಿಮ್ಮ ಅಜ್ಜನ ಅಣ್ಣ, ನಿಮ್ಮ ದೊಡ್ಡ ಮುತ್ಯಾ, ಫೌಜಿನಲ್ಲಿ ಸುಭೇದಾರರಾಗಿದ್ದವರು. ಮುಂದೆ ನಾವು ಹಳ್ಳಿ ಬಿಟ್ಟು ಉದಗೀರಿಗೆ ಬಂದೆವು, ನಿವೃತ್ತರಾದ ಮೇಲೆ ಅವರೂ ಅಲ್ಲಿ ನಮ್ಮ ಹಿಂದಿನ ಗಲ್ಲಿಯಲ್ಲೇ ಮನೆ ಮಾಡಿದರು. ದಿನಾ ಬೆಳಿಗ್ಗೆ ಚಹಕ್ಕೆ ಬರುತ್ತಾರೆ. ನಡುವೆ ನಿಂತು ಮಾತು ದಾಟಿಸುವ ಕೆಲಸ ಮೊದಲು ನನ್ನ ಮಗನದಾಗಿತ್ತು, ಆಮೇಲೆ ಅವನ ಮಗಳು ಶ್ರುತಿಯದಾಯಿತು.

ಇನ್ನು ಬಂದೂಕಿನ ವಿಷಯ. ನಮ್ಮ ಮಾವನವರದೊಂದು ನಿಜಾಮರ ಕಾಲದ ಬಂದೂಕಿತ್ತು. ಭಾವನವರು ದೂರದ ಠಾಣೆಗಳಲ್ಲಿರುತ್ತಿದ್ದುದರಿಂದ ಅದನ್ನು ಕಾಯುವ ಹೊಣೆ ತಮ್ಮನದು, ಅಂದರೆ ನಿಮ್ಮ ಅಜ್ಜನದು. ತೊಂಬತ್ಮೂರರ ದೊಡ್ಡ ಭೂಕಂಪದಲ್ಲಿ ನಮ್ಮ ಪಡಸಾಲೆಯ ಗೋಡೆ ಬಿತ್ತು. ದೇವರ ದಯೆಯಿಂದ ಮಂದಿ ಉಳಿದೆವು, ಬಂದೂಕು ಉಳಿಯಲಿಲ್ಲ. ಅದರ ಕಟ್ಟಿಗೆ ಪುಡಿಯಾಗಿ ನಳಿಗೆ ಕುಡುಗೋಲಿನ ಹಾಗೆ ಬಾಗಿತ್ತು. ಮಣ್ಣು ತೆಗೆಯಲು ಬಂದವರು ಬಾಗಿದ ಕಬ್ಬಿಣದ ಜೊತೆ ಅದನ್ನೂ ಗಾಡಿಗೆ ಹಾಕಿಕೊಂಡು ಹೋದರು. ಕೆಲವೇ ದಿನಗಳಲ್ಲಿ ದಸರೆ ಬಂತು. ಭಾವನವರು ರಜೆ ಹಾಕಿ ಬರುತ್ತಿದ್ದಾರೆಂದು ತಾರು ಬಂತು. ಭೂಮಿ ನಡುಗಿದಾಗ ನಡುಗದ ನಿಮ್ಮ ಅಜ್ಜ ಆ ತಾರು ನೋಡಿ ನಡುಗಿದರು. ತಗಡಿನ ಶೆಡ್ಡುಗಳಿಗೆ ಬಾಗಿಲು ಕೂಡಿಸಲು ಉಮರ್ಗಾದಿಂದ ಬಡಗಿಯೊಬ್ಬ ಬಂದಿದ್ದ. ಬಿದ್ದ ಮನೆಯ ಚೌಕಟ್ಟಿನ ಸಾಗವಾನಿ ಕಟ್ಟಿಗೆ, ನೀರೆತ್ತುವ ಮುರಿದ ಬೋರಿಂಗಿನ ಕೊಳವೆಯ ಒಂದು ತುಂಡು, ಇಷ್ಟರಲ್ಲಿ ಅವನು ಎರಡು ದಿನಕ್ಕೆ ಬಂದೂಕು ಮಾಡಿಕೊಟ್ಟ. ಬಾಗಿಲು ಮಾಡಿ ಮಾಡಿ ಕೈಗೆ ರೂಢಿಯಾಗಿತ್ತೇನೋ, ಹಿಡಿಯ ಮೇಲೆ ಒಂದು ಹೂವನ್ನೂ ಕೆತ್ತಿಬಿಟ್ಟ. ಅದಕ್ಕೆ ಎಣ್ಣೆ ಮಸಿ ಬಳಿದು ವಿಭೂತಿ ಹಚ್ಚಿ ಖಂಡೆಪೂಜೆಗೆ ಇಟ್ಟವಳು ನಾನು. ಪೂಜೆಗೆ ಇಟ್ಟ ಆಯುಧವನ್ನು ಯಾರೂ ಎತ್ತಿ ನೋಡುವುದಿಲ್ಲ, ಮಾವನವರದನ್ನೂ ಭಾವನವರು ಚಿಕ್ಕಂದಿನಿಂದ ಹಾರದ ಕೆಳಗೆ ದೂರದಿಂದಲೇ ಕಂಡಿದ್ದರು. ಭಾವನವರು ಬಂದರು, ನಮಸ್ಕಾರ ಮಾಡಿದರು, ಕಣ್ಣೊರೆಸಿಕೊಂಡರು, ಹೋದರು. 'ಬರೋ ದಸರಾಕ ಹೇಳ್ತೀನಿ' ಎಂದರು ನಿಮ್ಮ ಅಜ್ಜ. ಹಾಗೆ ಪ್ರತಿ ದಸರೆಗೂ ಹೇಳುತ್ತ ಹೇಳುತ್ತ ಹೇಳದೆಯೇ ತೀರಿಕೊಂಡರು. ವರ್ಷಾ ವರ್ಷಾ ಎಣ್ಣೆ ಕುಡಿದು ಆ ಕಟ್ಟಿಗೆ ಕಬ್ಬಿಣಕ್ಕಿಂತ ಕಪ್ಪಾಯಿತು. ಅದು ಸುಳ್ಳೆಂದು ತಿಳಿದವಳು ಮನೆಯಲ್ಲಿ ನಾನೊಬ್ಬಳೇ ಉಳಿದೆ. ಗುಟ್ಟು ಇಟ್ಟುಕೊಳ್ಳಲು ನನಗೆ ಯಾವ ಕಷ್ಟವೂ ಆಗಲಿಲ್ಲ. ಸುಮ್ಮನಿರುವುದು ಒಂದು ಗುಣವಾಗಿದ್ದರೆ ನನಗೆ ಭಾವನವರಿಗಿಂತ ಹೆಚ್ಚು ಪದಕಗಳು ಬರಬೇಕಿತ್ತು.

ಈ ನಡುವೆ ಶ್ರುತಿ ಕಾಲೇಜಿಗೆ ಹೋದಳು, ಮನೆಗೆ ಇನ್ನೊಂದು ಬಂದೂಕು ಬಂತು. ಏರ್‌ಸಾಫ್ಟ್ ಎಂದು ಅದರ ಹೆಸರು. ನೋಡಲು ಥೇಟ್ ಪೊಲೀಸರ ಬಂದೂಕಿನಂತೆಯೇ, ಆದರೆ ಹಾರುವುದು ಪ್ಲಾಸ್ಟಿಕ್ಕಿನ ಬಿಳಿ ಕಾಳು. ಅವಳೂ ಅವಳ ಗೆಳತಿಯರೂ ಆದಿತ್ಯವಾರ ದೇವಣಿ ರಸ್ತೆಯ ಒಂದು ಪಾಳು ಗೋದಾಮಿನಲ್ಲಿ ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿಕೊಂಡು ಎರಡು ಪಂಗಡವಾಗಿ ಆಡುತ್ತಿದ್ದರು. ಕಾಳು ಯಾರಿಗೆ ತಾಗಿತೋ ಅವರೇ ಕೈ ಎತ್ತಿ 'ನಾ ಸತ್ತೆ' ಎನ್ನಬೇಕಂತೆ. ಬೇರೆ ಯಾರೂ ನೋಡಿರುವುದಿಲ್ಲ, ಆದರೂ ತಾವೇ ಹೇಳಬೇಕು. ಆ ಕಾಳುಗಳೋ ಮನೆ ತುಂಬ. ಕಸ ಗುಡಿಸಿದರೆ ಕಾಳು, ಹಾಸಿಗೆ ಝಾಡಿಸಿದರೆ ಕಾಳು. ಬಿಳಿ ತೊಗರಿಯಷ್ಟೇ ಗಾತ್ರ, ತೊಗರಿಯಷ್ಟೇ ನುಣುಪು. ಒಂದು ಬೆಳಿಗ್ಗೆ ನಾನು ಕನ್ನಡಕವಿಲ್ಲದೆ ತೊಗರಿ ಹಸನು ಮಾಡಿ ಉಸುಳಿ ಮಾಡಿದೆ. ಅದರಲ್ಲಿ ಒಂದು ಕಾಳು ಎಷ್ಟು ಬೇಯಿಸಿದರೂ ಬೇಯಲಿಲ್ಲ, ಸರಿಯಾಗಿ ಭಾವನವರ ದವಡೆಗೇ ಸಿಕ್ಕಿತು. ಎಷ್ಟೋ ಗಡಿಗಳನ್ನು ಕಾದು ಬಂದ ಹಲ್ಲು ನಮ್ಮ ಪಡಸಾಲೆಯಲ್ಲಿ ಮುರಿಯಿತು. ಅಂದಿನಿಂದ ಅವರು ಏರ್‌ಸಾಫ್ಟಿನ ವೈರಿ. ಕಾರಣ ಕೇಳಿದರೆ ಹಲ್ಲಿನ ಮಾತೆತ್ತುವುದಿಲ್ಲ, ಶಸ್ತ್ರದ ಮರ್ಯಾದೆ ಎನ್ನುತ್ತಾರೆ.

ಆ ವರ್ಷ ಭಾವನವರೂ ಅವರ ಮಾಜಿ ಸೈನಿಕ ಗೆಳೆಯರೂ ಸೇರಿ ಒಂದು ಮಂಗಲ ಕಾರ್ಯಾಲಯದಲ್ಲಿ ಎರಡು ದಿನದ ಪ್ರದರ್ಶನ ಏರ್ಪಡಿಸಿದರು. ಹಳೆಯ ಕತ್ತಿ, ಕಠಾರಿ, ಪದಕ, ಸಮವಸ್ತ್ರ, ಪರವಾನಗಿಯಿರುವ ಬಂದೂಕುಗಳು, ಹಿಂದಿನ ಅಂಗಳದಲ್ಲಿ ಗಾಳಿ ರೈಫಲ್ಲಿನಿಂದ ಗುರಿ ಹೊಡೆಯುವ ಪಂದ್ಯ. ಶ್ರುತಿ ತಮಗೂ ಒಂದು ಮೇಜು ಬೇಕೆಂದಳು. ಅವಳ ಅಪ್ಪ ನಡುವೆ ಬಾಯಿ ಹಾಕಿ, ದೊಡ್ಡಪ್ಪ ಮೇಜು ಕೊಟ್ಟರೆ ಆಡು, ಕೊಡದಿದ್ದರೆ ಈ ಆಟ ಇಲ್ಲಿಗೇ ಮುಗಿಯಿತು, ಆ ಸಾಮಾನೆಲ್ಲ ಯಾರಿಗಾದರೂ ಕೊಟ್ಟುಬಿಡು ಎಂದು ಷರತ್ತು ಹಾಕಿದ. ಹುಡುಗಿ ಒಪ್ಪಿಕೊಂಡಳು. ಭಾವನವರು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಫೌಜಿನಲ್ಲಿ ಅದಕ್ಕೂ ಏನೋ ಹೆಸರಿದೆಯಂತೆ.

ಪ್ರದರ್ಶನದ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಜಗಳ ಹತ್ತಿಕೊಂಡಿತ್ತು. ಶ್ರುತಿಯ ಮೇಜನ್ನು ಭಾವನವರು ಎತ್ತಿಸಿ ಹೊರಗೆ ಕೈ ತೊಳೆಯುವ ನಳಗಳ ಪಕ್ಕಕ್ಕೆ ಹಾಕಿಸಿದ್ದರು. ಅದೂ ಆ ಹೊತ್ತಿಗೆ ಮಾತ್ರ. ಉದ್ಘಾಟನೆಗೆ ಮೊದಲು ಅದನ್ನು ಗೇಟಿನಾಚೆ ಒಯ್ಯಬೇಕೆಂದು ಆಜ್ಞೆಯಾಗಿತ್ತು.

"ಇದು ಫೌಜಿಗಳ ಪ್ರದರ್ಶನ ಅದ, ಹುಡುಗ್ರು ಆಡೋ ಖಿಲೋಣಿ ಅಂಗಡಿ ಅಲ್ಲ," ಎನ್ನುತ್ತಿದ್ದರು ಭಾವನವರು. "ಖರೇ ಬಂದೂಕಿನ ಬಾಜೂಕ ನಕಲಿ ಇಟ್ರ ಖರೇದ್ರ ಮರ್ಯಾದಿ ಏನ ಉಳೀತದ? ನಾಳೆ ಒಬ್ಬ ಇದನ್ನ ಹಿಡ್ಕೊಂಡು ರಸ್ತೆಕ ಹೋದ್ರ ಪೊಲೀಸ್ರಿಗಿ ಹ್ಯಾಂಗ ಗೊತ್ತಾಗಬೇಕು?"

"ದೊಡ್ಡ ಮುತ್ಯಾ, ಖರೇ ಅಂತ ನಾವು ಎಲ್ಲಿ ಅಂದೀವಿ?" ಎಂದಳು ಶ್ರುತಿ. "ಎಲ್ಲಾದಕ್ಕೂ ನಕಲಿ ಅಂತ ಚೀಟಿ ಹಚ್ಚೀವಿ ನೋಡ್ರಿ. ತುದೀಗಿ ಕೇಸರಿ ಬಣ್ಣಾ ಅದ. ಬಂದೂಕು ಹಿಡಿಯೋ ಶಿಸ್ತು ನಿಮ್ಮ ಗುರಿ ಹೊಡಿಯೋ ಮಂದಿಗಿಂತಾ ನಮಗ ಛಲೋ ಬರ್ತದ."

"ಶಿಸ್ತು ನನಗ ಕಲಸ್ತೀ ಏನ?" ಎಂದು ಅವರು ಒಳಗೆ ಹೋಗಿಬಿಟ್ಟರು. ಶ್ರುತಿ ಅಳಲಿಲ್ಲ. ಒಂದೊಂದೇ ಬಂದೂಕನ್ನು ಒರೆಸಿ ಚೀಲಕ್ಕೆ ಹಾಕತೊಡಗಿದಳು. ಆಕೆ ಅತ್ತಿದ್ದರೆ ನಾನು ಮನೆಗೆ ಹೋಗಿ ಅಡಿಗೆ ಮಾಡುತ್ತಿದ್ದೆ. ಆ ಒರೆಸುವುದನ್ನು ನೋಡುತ್ತ ನಿಲ್ಲುವುದು ಕಷ್ಟವಾಯಿತು.

ನಿಜ ಹೇಳಬೇಕೆಂದರೆ ಭಾವನವರ ವಾದ ನನಗೆ ಸರಿಯೆನಿಸಿತ್ತು. ಸಾವನ್ನು ಹತ್ತಿರದಿಂದ ಕಂಡ ವಸ್ತುವಿನ ಪಕ್ಕದಲ್ಲಿ ಆಟದ ವಸ್ತು ಇಡುವುದು ಅಷ್ಟು ಚೆನ್ನಲ್ಲ. ಶ್ರುತಿಯ ವಾದವೂ ಸರಿಯೆನಿಸಿತು. ಮಾತಾಡದವರಿಗೆ ಇದೊಂದು ಅನುಕೂಲ, ಎರಡೂ ಕಡೆಗೆ ತಲೆಯಾಡಿಸಬಹುದು. ತೊಂದರೆಯೆಂದರೆ, ಒಳಗೆ ಹೋಗಿ ನೋಡಿದರೆ ಎಲ್ಲಕ್ಕಿಂತ ಮುಂದಿನ ಮೇಜಿನ ಮೇಲೆ ಕೆಂಪು ವಸ್ತ್ರ ಹಾಸಿ, ಚೆಂಡುಹೂವಿನ ಹಾರ ಹಾಕಿ ನಮ್ಮ ಬಂದೂಕನ್ನೇ ಮಲಗಿಸಿದ್ದರು. ನನ್ನ ಮಗ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ಹಾಗೇ ಇಟ್ಟಿದ್ದನಂತೆ. 'ನಿಜಾಮರ ಕಾಲದ್ದು' ಎಂದು ಭಾವನವರ ಮುದ್ದಾದ ಅಕ್ಷರದ ಚೀಟಿ. ಕಾಲೇಜಿನ ಇತಿಹಾಸದ ಸರ್ ಒಬ್ಬರು ಹಿಡಿಯ ಮೇಲಿನ ಹೂವನ್ನು ಬೆರಳಿನಿಂದ ತೋರಿಸುತ್ತ, ಇಂಥ ಕೆತ್ತನೆ ಈಗ ಎಲ್ಲಿಯೂ ಸಿಗುವುದಿಲ್ಲವೆಂದು ನಾಲ್ಕು ಜನರಿಗೆ ವಿವರಿಸುತ್ತಿದ್ದರು. ಉಮರ್ಗಾದಲ್ಲಿ ಆ ಬಡಗಿ ಮಾಡಿದ ಬಾಗಿಲುಗಳೆಲ್ಲದರ ಮೇಲೂ ಅದೇ ಹೂವಿದೆ.

ಅವರು ಹೋಗುವವರೆಗೆ ಕಾದೆ. ಮೇಜಿನ ಆ ಕಡೆ ಭಾವನವರು ಒಬ್ಬರೇ ಹಾರ ಸರಿಪಡಿಸುತ್ತಿದ್ದರು. ನಡುವೆ ನಿಲ್ಲಿಸಲು ಯಾರಾದರೂ ಸಿಗುತ್ತಾರೋ ಎಂದು ನೋಡಿದೆ. ನಡುವೆ ನಿಲ್ಲುವ ಹುಡುಗಿ ಹೊರಗೆ ಚೀಲ ಕಟ್ಟುತ್ತಿದ್ದಳು. ಕಾರ್ಯಾಲಯದಲ್ಲಿ ಕಂಬವೂ ಇರಲಿಲ್ಲ, ಈಗಿನವರು ಕಂಬವಿಲ್ಲದೆ ಕಟ್ಟುತ್ತಾರೆ. ಮೇಜಿನ ಪಕ್ಕ ಬಟ್ಟೆ ಅಂಗಡಿಯಿಂದ ತಂದ ಬೊಂಬೆಯೊಂದಕ್ಕೆ ಭಾವನವರ ಹಳೆಯ ಸಮವಸ್ತ್ರ ತೊಡಿಸಿ, ಕಾಡಿಗೆಯಿಂದ ಮೀಸೆ ಬರೆದು ನಿಲ್ಲಿಸಿದ್ದರು. ಸೆರಗು ಎಳೆದುಕೊಂಡು ಅದಕ್ಕೇ ಹೇಳಿದೆ.

"ಈ ಬಂದೂಕು ಕಟಗೀದು ಅದ. ಮಾವನವ್ರದು ಭೂಕಂಪದಾಗ ಗ್ವಾಡಿ ಕೆಳಗ ಹೋತು. ಇದು ಉಮರ್ಗಾದ ಬಡಗ್ಯಾ ಮಾಡಿದ್ದು. ನಕಲಿ ಹೊರಗ ಹೋಗಬೇಕು ಅಂದ್ರ ಇದು ಮೊದಲ ಹೋಗಬೇಕು."

ಭಾವನವರು ಬೊಂಬೆಯನ್ನು ನೋಡಿದರು. ಆಮೇಲೆ ಹಾರ ತೆಗೆದು ಬಂದೂಕನ್ನು ಕೈಗೆತ್ತಿಕೊಂಡರು. ನಾನು ಕಂಡಂತೆ ಅದೇ ಮೊದಲ ಸಲ. ತೂಗಿದರು, ಬೆರಳಿನಿಂದ ಬಡಿದರು, ನಳಿಗೆಯೊಳಗೆ ಇಣುಕಿದರು. ಫೌಜಿನಲ್ಲಿ ಇಷ್ಟು ವರ್ಷ ಕಳೆದವರಿಗೆ ಬೋರಿಂಗಿನ ಕೊಳವೆಯನ್ನು ಗುರುತಿಸಲು ಅರ್ಧ ನಿಮಿಷ ಸಾಕಾಯಿತು.

"ತಮ್ಮ ಯಾಕ ಹೇಳಲಿಲ್ಲ?" ಎಂದು ಬೊಂಬೆಯನ್ನು ಕೇಳಿದರು.

"ಅಂಜಿದ್ರು."

"ನನಗ?"

ಅವರು ಕುರ್ಚಿಯ ಮೇಲೆ ಕುಳಿತರು. ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಮನಿ ಬಿದ್ದಿತ್ತು. ಅಂಥಾದ್ರಾಗ ಅಂವಾ ನನ್ನ ಸಲುವಾಗಿ ಇದನ್ನ ಮಾಡ್ಸ್ಯಾನ," ಎಂದರು. ಅದನ್ನು ಬೊಂಬೆಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.

ಸುಭೇದಾರರು ಒಮ್ಮೆ ಮಾಡಿದ ನಿಯಮವನ್ನು ಮುರಿಯುವವರಲ್ಲ. ಎದ್ದು, ತಾವೇ ಆ ಬಂದೂಕನ್ನು ಹಾರದ ಸಮೇತ ಹೊರಗೊಯ್ದು ನಳಗಳ ಪಕ್ಕದ ಮೇಜಿನ ಮೇಲೆ ಇಟ್ಟರು. ಚೀಲದೊಳಗಿನದನ್ನೆಲ್ಲ ಮತ್ತೆ ತೆಗೆದು ಹೊಂದಿಸಲು ಶ್ರುತಿಗೆ ಹೇಳಿದರು. ತಮ್ಮ ಚೀಟಿಯನ್ನು ಹರಿದು ಹೊಸದು ಬರೆದರು: 'ಕಟ್ಟಿಗೆಯದು. ಭೂಕಂಪದ ವರ್ಷ ತಮ್ಮ ಮಾಡಿಸಿದ್ದು.' ಅದನ್ನು ಅಲ್ಲಿ ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸಾಗದೆ ತಾವೂ ಕುರ್ಚಿ ಹಾಕಿಕೊಂಡು ಹುಡುಗಿಯರ ನಡುವೆ ಕುಳಿತರು. ಊಟ ಮಾಡಿದವರೆಲ್ಲ ಕೈ ತೊಳೆಯಲು ಅಲ್ಲಿಗೇ ಬರಬೇಕು. ಹೀಗಾಗಿ ಇಡೀ ಪ್ರದರ್ಶನದಲ್ಲಿ ಜನ ಹೆಚ್ಚು ಸೇರಿದ್ದು ಆ ಮೇಜಿಗೇ. ಇತಿಹಾಸದ ಸರ್ ಮಾತ್ರ ಕೈ ತೊಳೆಯದೆ ಮನೆಗೆ ಹೋದರು. ಸಂಜೆ ಶ್ರುತಿ ದೊಡ್ಡ ಮುತ್ಯಾನ ಕಣ್ಣಿಗೆ ಕನ್ನಡಕ ಕಟ್ಟಿ, ಇಪ್ಪತ್ತು ಹೆಜ್ಜೆಯಾಚೆ ಒಂದು ಡಬ್ಬಿ ಇಟ್ಟಳು. ಅವರು ಮೂರು ಸಲ ಹೊಡೆದು ಮೂರು ಸಲವೂ ಬೀಳಿಸಿದರು. ಆಮೇಲೆ ನನ್ನ ಮಗನನ್ನು ಕರೆದು, ಈಕಿ ಆಡಲಿ, ಆದರೆ ಮನೆಯಲ್ಲಿ ಕಾಳು ಎಣಿಸಿ ಇಡಲಿ ಎಂದರು. ಮುಂದಿನ ವರ್ಷದಿಂದ ಒಳಗೇ ನಕಲಿಗೊಂದು ಬೇರೆ ಸಾಲು ಮಾಡಿದರು. ಏನೆಂಬುದನ್ನು ಚೀಟಿಯಲ್ಲಿ ಸರಿಯಾಗಿ ಬರೆದಿದ್ದರೆ ಯಾವುದಕ್ಕೂ ಅಡ್ಡಿಯಿಲ್ಲ ಎಂಬುದು ಈಗಿನ ನಿಯಮ. ಕಟ್ಟಿಗೆಯ ಬಂದೂಕನ್ನು ಅವರು ತಮ್ಮ ಮನೆಗೇ ಒಯ್ದಿದ್ದಾರೆ, ತಮ್ಮನ ಫೋಟೋದ ಕೆಳಗೆ ಇದೆ. ನೀವು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

ಇದರಿಂದ ಎಲ್ಲರಿಗೂ ಒಳ್ಳೆಯದಾಯಿತು, ನನ್ನೊಬ್ಬಳನ್ನು ಬಿಟ್ಟು. ಶ್ರುತಿ ಆದಿತ್ಯವಾರ ಬೆಳಿಗ್ಗೆ ಬಂದೂಕು ಹೆಗಲಿಗೇರಿಸಿ ಹೋದರೆ ಬರುವುದು ಮಧ್ಯಾಹ್ನಕ್ಕೆ. ಭಾವನವರು ಮಾತ್ರ ಅದೇ ಹೊತ್ತಿಗೆ ಚಹಕ್ಕೆ ಬರುತ್ತಾರೆ. ಒಮ್ಮೆ ಮಾತಾಡಿದವಳು ಮತ್ತೆ ಬಾಗಿಲ ಹಿಂದೆ ನಿಂತರೆ ಅರ್ಥವಿಲ್ಲವೆಂದು ಎದುರಿಗೆ ಕುರ್ಚಿ ಹಾಕಿಸುತ್ತಾರೆ. ಹಿಮದ ಗುಡ್ಡದ ಮೇಲೆ ಚಹದ ನೀರು ಕುದಿಯಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂಬ ಕಥೆ ಅಷ್ಟೇ ಹೊತ್ತು ಹಿಡಿಯುತ್ತದೆ. ಮೊದಲು ಈ ಕಥೆಗೆ ನನ್ನ ಪರವಾಗಿ ಶ್ರುತಿ ಹೂಂಗುಟ್ಟುತ್ತಿದ್ದಳು. ಇಷ್ಟು ವರ್ಷ ಮರ್ಯಾದೆಗಾಗಿ ಸುಮ್ಮನಿದ್ದೇನೆಂದು ನಾನೂ ತಿಳಿದಿದ್ದೆ, ಊರೂ ತಿಳಿದಿತ್ತು. ಮರ್ಯಾದೆಯ ಅಡ್ಡಿ ಹೋದ ಮೇಲೆ ತಿಳಿಯಿತು, ಹೇಳಲು ನನ್ನ ಬಳಿ ಇದ್ದದ್ದು ಅದೊಂದೇ ಮಾತು, ಅದೂ ಖರ್ಚಾಗಿದೆ. ಕಳೆದ ಆದಿತ್ಯವಾರ ಅವರು ಕಥೆ ಮುಗಿಸಿ, ಕಪ್ಪಿನಿಂದ ಬಸಿಗೆ ಸುರಿದ ಚಹ ಗುಟುಕರಿಸಿ, ನನ್ನನ್ನೇ ನೋಡುತ್ತ, "ಈಗ ನೀ ಹೇಳವಾ ತಂಗಿ," ಎಂದರು. ಹಾಲು ಉಕ್ಕುತ್ತದೆ ಎಂದು ಎದ್ದು ಒಳಗೆ ಬಂದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.