ಸನ್‌ರೂಫಿಗೆ ಏಳು ದಿನದ ಕ್ಯೂರಿಂಗ್

ಸಿಮೆಂಟಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಸೇಡಂ ಹತ್ತಿರದ ಒಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಇಷ್ಟು ವರ್ಷ ನಾನು ಮಾಡುತ್ತ ಬಂದಿರುವುದು ಅದನ್ನೇ. ಸಿಮೆಂಟು ಕಲಸುವುದು, ಎಷ್ಟು ಹೊತ್ತಿಗೆ ಬಿಗಿಯುತ್ತದೆಂದು ಸೂಜಿ ಇಳಿಸಿ ನೋಡುವುದು, ಅದರ ಇಟ್ಟಿಗೆಯಂಥ ಗಟ್ಟಿ ಮಾಡಿ, ಬಲ ನೋಡಲು ಯಂತ್ರಕ್ಕೆ ಕೊಟ್ಟು ಪುಡಿಗಟ್ಟುವುದು. ನಾನು ಸಹಿ ಹಾಕದೆ ಒಂದು ಚೀಲವೂ ಗೇಟು ದಾಟುವುದಿಲ್ಲ. ಅಂಥವನ ಕಾರು ಸೋರುವುದೆಂದರೇನು! ಆದರೂ ಸೋರಿತು.

ಕಾರಿಗೆ ಸನ್‌ರೂಫ್ ಇತ್ತು. ಯಾಕಿತ್ತು ಎಂದು ಮಾತ್ರ ಕೇಳಬೇಡಿ. ನಮ್ಮ ಕಡೆಯ ಬಿಸಿಲಿಗೆ ಜನ ಗೋಡೆಯಲ್ಲಿರುವ ಕಿಟಕಿಯನ್ನೇ ಮುಚ್ಚಿಕೊಂಡು ಕೂರುತ್ತಾರೆ. ಅಂಥ ಊರಲ್ಲಿ ನಾನು ನೆತ್ತಿಯ ಮೇಲೊಂದು ಕಿಟಕಿ ಇರುವ ಕಾರನ್ನೇ ಬೇಕೆಂದು ಹಟ ಹಿಡಿದು ತಂದೆ. ತಂದ ಎರಡು ವರ್ಷದಲ್ಲಿ ಅದನ್ನು ತೆರೆದದ್ದು ಮೂರು ಸಲ. ಮೂರೂ ಸಲ ನೆರೆಹೊರೆಯವರಿಗೆ ತೋರಿಸಲಿಕ್ಕೆ.

ಸುಲೇಪೇಟದಲ್ಲಿರುವ ನಮ್ಮ ಮಾವ ಮನೆಗೆ ಬಂದಾಗ ಅವರಿಗೂ ಕಾರು ತೋರಿಸಿದ್ದೆ. ತೊಗರಿ ಬೆಳೆಯುವ ಮನುಷ್ಯ, ಮಾತು ಕಡಿಮೆ. ಕಾರನ್ನು ಒಂದು ಸುತ್ತು ಹಾಕಿ, ಮೇಲೆ ನೋಡಿ, ಹೇಳಿದರು:

"ಶರಣಪ್ಪನೋರ, ಎಲ್ಲಾ ಚಲೋ ಅದ. ಆದ್ರ ಮಂದಿ ತೆಲಿ ಮ್ಯಾಲಿನ ತೂತು ಮುಚ್ಚಲಿಕ್ಕ ಹೈರಾಣ ಆಗ್ತಾರ. ನೀವು ಹೊಸಾದಕ್ಕ ತೂತು ಹೊಡಿಸ್ಕೊಂಡು ಬಂದೀರಲ್ಲ!"

ಹಾಗೆಂದು ಹೇಳಿ ಬಸ್ ಹತ್ತಿ ಹೋದರು. ಅಂದಿನಿಂದ ಎಷ್ಟು ಸಲ ಕರೆದರೂ ಒಂದೇ ಉತ್ತರ: "ಬಸ್ ಅದಲ್ಲ." ಅವರು ಒಮ್ಮೆಯೂ ನಮ್ಮ ಕಾರಿನಲ್ಲಿ ಕೂರಲಿಲ್ಲ. ಇದು ನನಗಿಂತ ನನ್ನ ಹೆಂಡತಿ ಸುವರ್ಣಾಳಿಗೆ ಹೆಚ್ಚು ನೋವು ಕೊಟ್ಟ ಸಂಗತಿ.

ಕೊನೆಗೆ ಈ ಮಳೆಗಾಲದಲ್ಲಿ ಆ ಯೋಗ ಕೂಡಿಬಂತು. ಸೇಡಮ್ಮಿನಲ್ಲೇ ಇರುವ ಸುವರ್ಣಾಳ ಅಕ್ಕನ ಮಗಳಿಗೆ ನಿಶ್ಚಯ ಗೊತ್ತಾಯಿತು. ಆ ಹುಡುಗಿ ಫೋನ್ ಮಾಡಿ, "ಯಜ್ಜಾ, ನೀ ಕಾಕಾನ ಗಾಡ್ಯಾಗ ಬರದಿದ್ರ ನಾ ಸೀರಿನೇ ಉಡಂಗಿಲ್ಲ" ಎಂದು ಹೆದರಿಸಿದಳು. ಮಾವ ಒಪ್ಪಿಬಿಟ್ಟರು!

ಸುವರ್ಣಾ ಅಂದೇ ಹೋಗಿ ಅಪ್ಪನಿಗೆ ಹೊಸ ಕೆಂಪು ರುಮಾಲು ತಂದಳು. ಅದನ್ನು ಮಡಿಚಿ ಇಡುತ್ತ ಹೇಳಿದಳು: "ನಮ್ಮಪ್ಪ ಒಮ್ಮೆ ನಮ್ಮ ಗಾಡ್ಯಾಗ ಕುಂತು ಬಂದು ಬೀಗರ ಮುಂದ ಇಳೀಬೇಕ್ರಿ. ನನಗ ಮತ್ತೇನೂ ಬ್ಯಾಡ."

"ಅದು ನನ್ನ ಜವಾಬ್ದಾರಿ" ಎಂದೆ. ಈ ಮಾತನ್ನು ನಾನು ಯಾವಾಗ ಆಡಿದರೂ ಮುಂದೆ ಏನೋ ಕಾದಿರುತ್ತದೆ.

ಮರುದಿನವೇ ಮಳೆ ಬಂತು. ಕಾರಿನಲ್ಲಿ ಸಂತೆಗೆ ಹೋಗುತ್ತಿದ್ದಾಗ ಸುವರ್ಣಾಳ ಹಣೆಯ ಮೇಲೆ ಒಂದು ಹನಿ ಬಿತ್ತು.

"ರೀ, ಸೋರ್ಲಿಕತ್ತದ."

"ಏ, ಅದು ಎ.ಸಿ. ನೀರು."

"ಎ.ಸಿ. ಹಚ್ಚೇ ಇಲ್ಲಲ್ರೀ!"

ನಿಶ್ಚಯಕ್ಕೆ ಇನ್ನು ಒಂಬತ್ತು ದಿನ ಇತ್ತು. ಮನೆಗೆ ಬಂದವನೇ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ತಪಾಸಣೆಗೆ ಇಳಿದೆ. ನಮ್ಮ ಎದುರಿಗೇ ಖಾಜಾ ಭಾಯಿಯ ಪಂಕ್ಚರ್ ಅಂಗಡಿ. ಆತ ಕೈ ಒರೆಸಿಕೊಳ್ಳುತ್ತ ಬಂದ.

"ಕ್ಯಾ ಸಾಬ್, ಸೋರ್ಲಿಕತ್ತದೇನು? ಒಳಗ ಧೂಳು ಕುಂತಿರ್ತದ. ತರ್ರಿ ಈ ಕಡಿ, ಜರಾ ಗಾಳಿ ಹೊಡೀತೀನಿ."

ನನಗೆ ನಗು ಬಂತು. "ಖಾಜಾ ಭಾಯಿ, ಇದು ಟೈರ್ ಅಲ್ಲ. ಇದಕ್ಕ ಶಾಸ್ತ್ರೀಯವಾಗಿ ನೋಡಬೇಕು."

"ನೋಡ್ರಿ ಸಾಬ್, ನೀವು ಓದಿದವ್ರು" ಎಂದು ಆತ ಹೋದ. ಆತನ ಆ ಗಾಳಿಯನ್ನು ಅಂದೇ ಹೊಡೆಸಿಕೊಂಡಿದ್ದರೆ ನಾನು ಈಗ ಇದನ್ನು ಬರೆಯುತ್ತಿರಲಿಲ್ಲ.

ಶಾಸ್ತ್ರೀಯವಾಗಿ ನೋಡಿದೆ. ಸನ್‌ರೂಫಿನ ಗಾಜನ್ನು ಹಿಂದೆ ಸರಿಸಿದರೆ ಸುತ್ತಲೂ ಒಂದು ತಗ್ಗಾದ ಕಾಲುವೆಯಂಥ ತಟ್ಟೆ. ಅದರ ಮೂಲೆಗಳನ್ನು ಬ್ಯಾಟರಿ ಬಿಟ್ಟು ನೋಡುತ್ತೇನೆ, ಒಂದು ತೂತು! ಎರಡನೇ ಮೂಲೆಯಲ್ಲಿ ಇನ್ನೊಂದು ತೂತು! ಒಟ್ಟು ನಾಲ್ಕು ಮೂಲೆ, ನಾಲ್ಕು ತೂತು! ಬೆರಳು ಹೋಗದಷ್ಟು ಸಣ್ಣವು, ಆದರೆ ತೂತು ತೂತೇ. ಕಾರು ಮಾಡಿದವರು ಸ್ಕ್ರೂ ಹಾಕುವುದನ್ನು ಮರೆತು ಹಾಗೇ ಕಳಿಸಿದ್ದಾರೆಂದು ನನಗೆ ಖಾತ್ರಿಯಾಯಿತು. ಆ ತೂತು ಯಾಕಿದೆ ಎಂದು ಒಂದು ಕ್ಷಣ ಯೋಚಿಸಬಹುದಿತ್ತು. ಪರಿಹಾರ ಹೊಳೆದ ಮೇಲೆ ಯೋಚಿಸುವ ಅಭ್ಯಾಸ ನನಗಿಲ್ಲ.

ಪರಿಹಾರ ಯಾವುದೆಂದು ನೀವು ಆಗಲೇ ಊಹಿಸಿರುತ್ತೀರಿ. ಬೇರೆ ಊರಿನವನಾಗಿದ್ದರೆ ಎಂ-ಸೀಲ್ ತರುತ್ತಿದ್ದ, ರಬ್ಬರ್ ತರುತ್ತಿದ್ದ. ನಾನು ಸಿಮೆಂಟು ತಂದೆ.

ಬರೀ ಸಿಮೆಂಟಲ್ಲ. ನೀರು ನುಸುಳದಂತೆ ಮಾಡುವ ದ್ರಾವಣ ಬೆರೆಸಿ, ತೂಕ ಮಾಡಿ, ಅಳತೆ ಮಾಡಿ, ಮಜ್ಜಿಗೆ ಹದಕ್ಕೆ ಕಲಸಿ, ಮನೆಯಲ್ಲಿದ್ದ ದೊಡ್ಡ ಸಿರಿಂಜಿನಿಂದ ನಾಲ್ಕೂ ತೂತಿಗೆ ಕುಡಿಸಿದೆ. ಎಷ್ಟು ಕುಡಿಸಿದರೂ ಅವು ಕುಡಿಯುತ್ತಲೇ ಹೋದವು. "ಪಾಪ, ಎಷ್ಟು ಆಳಕ್ಕೆ ತೂತು ಬಿಟ್ಟಾರ!" ಎಂದು ಕಾರು ಮಾಡಿದವರ ಮೇಲೆ ಕನಿಕರಪಟ್ಟೆ. ಕೊನೆಗೆ ತುಂಬಿದವು. ಉಳಿದ ಸಿಮೆಂಟಿನಿಂದ ಪರೀಕ್ಷೆಗೆಂದು ಒಂದು ಗಟ್ಟಿಯನ್ನೂ ಮಾಡಿಟ್ಟೆ. ಕೆಲಸ ಎಂದರೆ ಹಾಗಿರಬೇಕು.

ಸಿಮೆಂಟು ಹಾಕಿದ ಮೇಲೆ ಏನು ಮಾಡಬೇಕು? ನಮ್ಮ ಕಡೆ ಶಾಲೆಗೆ ಹೋಗದವರಿಗೂ ಗೊತ್ತು: ನೀರು ಹೊಡೆಯಬೇಕು. ಏಳು ದಿನ ಕ್ಯೂರಿಂಗ್ ಮಾಡಬೇಕು. ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ. ಗೋಣಿಚೀಲ ಹರಿದು ನಾಲ್ಕು ತುಂಡು ಮಾಡಿ, ಒದ್ದೆ ಮಾಡಿ, ನಾಲ್ಕೂ ಮೂಲೆಗೆ ಇಟ್ಟು, ಮೇಲೆ ತಾಡಪಾಲು ಹೊದಿಸಿದೆ. ಬೆಳಗ್ಗೆ ಒಮ್ಮೆ, ಕೆಲಸದಿಂದ ಬಂದ ಮೇಲೆ ಒಮ್ಮೆ, ಸ್ಟೂಲ್ ಹತ್ತಿ ಕಾರಿನ ತಲೆಗೆ ನೀರು ಚಿಮುಕಿಸುತ್ತಿದ್ದೆ.

ಸುವರ್ಣಾ ಬಾಗಿಲಲ್ಲಿ ನಿಂತು ಎರಡು ದಿನ ಸುಮ್ಮನೆ ನೋಡಿದಳು. ಮೂರನೇ ದಿನ ಕೇಳಿದಳು:

"ರೀ, ಏನ್ ಮಾಡ್ಲಿಕತ್ತೀರಿ?"

"ನೀರು ಹಾಕ್ಲಿಕತ್ತೀನಿ."

"ಗಾಡಿ ಒಳಗ?"

"ಹೂಂ."

"ಯಾಕ?"

"ಗಾಡಿ ಒಳಗ ನೀರು ಬರಬಾರದಂತ."

ಅವಳು ಒಳಗೆ ಹೋದಳು. ರಸ್ತೆಯಾಚೆಯಿಂದ ಖಾಜಾ ಭಾಯಿ ಕೂಗಿದ: "ಸಾಬ್, ಯಾವಾಗ ಸ್ಲ್ಯಾಬ್ ಹಾಕ್ತೀರಿ? ಎರಡನೇ ಮಾಳಿಗಿ ಏರಿಸ್ತೀರೇನು?" ನಾನು ಇಂಥ ಮಾತಿಗೆಲ್ಲ ಕಿವಿಗೊಡುವವನಲ್ಲ.

ಏಳನೇ ದಿನ ಗಟ್ಟಿಯನ್ನು ಪ್ರಯೋಗಶಾಲೆಗೆ ಒಯ್ದು ಯಂತ್ರಕ್ಕೆ ಕೊಟ್ಟೆ. ಏನು ಬಲ! ಏನು ಬಲ! ಮನೆಗೆ ಬಂದು ಸನ್‌ರೂಫ್ ಮುಚ್ಚಿ ಮೇಲೆ ಒಂದು ತಂಬಿಗೆ ನೀರು ಸುರಿದೆ. ಒಳಗೆ ಒಂದು ಹನಿ ಬೀಳಲಿಲ್ಲ. ಸುವರ್ಣಾ ಕೂಡ ಒಳಗೆ ಕೈಯಾಡಿಸಿ ನೋಡಿ, "ಖರೆನೇ ಒಣಗ್ಯದರೀ" ಎಂದಳು. ಅವಳ ದನಿಯಲ್ಲಿ ಸ್ವಲ್ಪ ಗೌರವವೂ ಇತ್ತು. ಮದುವೆಯಾದ ಮೇಲೆ ಅದನ್ನು ಕೇಳಿದ್ದು ಅದೇ ಎರಡನೇ ಸಲವಿರಬೇಕು.

ನಿಶ್ಚಯದ ದಿನ ಬೆಳಗ್ಗೆ ನಾನೂ ಅವಳೂ ಸುಲೇಪೇಟಕ್ಕೆ ಹೋದೆವು. ಮಾವ ಬಿಳಿ ಧೋತರ, ಬಿಳಿ ಅಂಗಿ ಹಾಕಿ, ಹೊಸ ಕೆಂಪು ರುಮಾಲು ಸುತ್ತಿಕೊಂಡು ಸಿದ್ಧವಾಗಿದ್ದರು. ಕಂಕುಳಲ್ಲಿ ಕೊಡೆ. ರೊಟ್ಟಿ, ಪುಂಡಿಪಲ್ಯ ಊಟಕ್ಕೆ ಕುಳಿತೆವು. ಅಷ್ಟರಲ್ಲಿ ಹೊರಗೆ ಮಳೆ ಧೋ ಎಂದು ಸುರಿಯಿತು. ಅರ್ಧ ತಾಸು ಹಿಡಿದು ಹೊಡೆಯಿತು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಹೊರಗೆ ನಿಂತ ಕಾರಿನ ಚಿಂತೆ ನನಗೆ ಒಂದು ಚೂರೂ ಇರಲಿಲ್ಲ.

ಮಳೆ ನಿಂತು ಬಿಸಿಲು ಬಂತು. ಕಾರಿನ ಬಾಗಿಲು ತೆರೆದು ಸೀಟು ತಟ್ಟಿ ತೋರಿಸಿದೆ. "ನೋಡ್ರಿ ಮಾವ, ಅಷ್ಟು ಮಳಿ ಹೊಡೀತು, ಒಂದು ಹನಿ ಅದ ಏನು? ಕುಂದ್ರಿ, ಕುಂದ್ರಿ."

ಮಾವ ಚಪ್ಪಲಿ ಜಾಡಿಸಿ, ಮುಂದಿನ ಸೀಟಿನಲ್ಲಿ ಜಾಗರೂಕತೆಯಿಂದ ಕುಳಿತರು. ಹಿಂದೆ ಕುಳಿತ ಸುವರ್ಣಾಳ ಕಣ್ಣು ಕನ್ನಡಿಯಲ್ಲಿ ಕಂಡಿತು. ಒದ್ದೆಯಾಗಿತ್ತು. ಸತ್ಯ ಹೇಳುತ್ತೇನೆ, ನನಗೂ ಎದೆ ತುಂಬಿ ಬಂತು. ಊರವರೆಲ್ಲ ನೋಡುವಂತೆ ಮೆಲ್ಲಗೆ ಹೊರಟೆ.

ಊರು ದಾಟಿ ಒಂದು ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಹಾಕಿದೆ.

ತಲೆಯ ಮೇಲೆ ಗುಳುಂ ಎಂದು ಸದ್ದಾಯಿತು. ಕಾರಿನೊಳಗೆ ಚಾವಣಿಯ ಮುಂಭಾಗದಲ್ಲಿರುವ ದೀಪದ ಸಂದಿಯಿಂದ ನೀರು ಬಂತು. ಹನಿ ಅಲ್ಲ, ಧಾರೆ! ನೇರ ಮಾವನ ರುಮಾಲಿನ ಮೇಲೆ, ಯಾರೋ ಕೊಡದಿಂದ ಹುಯ್ದಂತೆ.

"ಯಪ್ಪಾ!" ಎಂದು ಸುವರ್ಣಾ ಚೀರಿದಳು. ನಾನು ಗಾಬರಿಯಾಗಿ ಎಕ್ಸಲರೇಟರ್ ಒತ್ತಿದೆ. ಮೇಲಿನ ನೀರು ಗುಳುಗುಳು ಎನ್ನುತ್ತ ಹಿಂದಕ್ಕೆ ಓಡಿತು. ಈಗ ಸುವರ್ಣಾಳ ರೇಷ್ಮೆ ಸೀರೆಯ ಸರದಿ.

ಆಗ ನನಗೆ ಎಲ್ಲ ಅರ್ಥವಾಯಿತು. ನಾಲ್ಕೂ ಕಡೆ ಗಟ್ಟಿ ಸಿಮೆಂಟು ಹಾಕಿ, ಕ್ಯೂರಿಂಗ್ ಮಾಡಿ, ನಾನು ಕಾರಿನ ನೆತ್ತಿಯ ಮೇಲೆ ಒಂದು ನೀರಿನ ಟಾಕಿ ಕಟ್ಟಿದ್ದೆ! ಬ್ರೇಕ್ ಹಾಕಿದರೆ ಮಾವ, ಎಕ್ಸಲರೇಟರ್ ಒತ್ತಿದರೆ ಹೆಂಡತಿ. ಇಬ್ಬರಲ್ಲಿ ಯಾರೆಂದು ಆರಿಸುವ ಕಷ್ಟ ಯಾವ ಅಳಿಯನಿಗೂ ಬರಬಾರದು.

ಮಾವ ಕಂಕುಳಿಗೆ ಕೈ ಹಾಕಿದರು. ಕೊಡೆ ಬಿಚ್ಚಿದರು. ಕಾರಿನೊಳಗೇ! ನನಗೆ ಅರ್ಧ ರಸ್ತೆ ಕಾಣದಂತಾಯಿತು. ರಸ್ತೆ ಕಾಣದ್ದರಿಂದ ಮತ್ತೆ ಮತ್ತೆ ಬ್ರೇಕ್. ಬ್ರೇಕ್ ಹಾಕಿದಾಗಲೆಲ್ಲ ಕೊಡೆಯ ಮೇಲಿಂದ ನೀರು ನನ್ನ ತೊಡೆಗೆ. ಸ್ವಲ್ಪ ದೂರ ಹೋದ ಮೇಲೆ ಮಾವ ಕೊಡೆಯ ಒಳಗಿನಿಂದ ಕೇಳಿದರು:

"ಶರಣಪ್ಪನೋರ, ಇದರಾಗ ನೀರು ಹೊರಗ ಹೋಗ್ಲಿಕ್ಕ ದಾರಿ ಎಲ್ಲದ?"

"ದಾರಿ... ಇತ್ತುರಿ ಮಾವ. ನಾಲ್ಕು ತೂತು ಇದ್ವು. ನಾನೇ ಮುಚ್ಚೀನಿ."

"ನಮ್ಮ ಮಾಳಿಗಿ ಮ್ಯಾಲೂ ನೀರು ಬೀಳ್ತದ. ಕೊಳವಿಯಿಂದ ಹೊರಗ ಹೋಗ್ತದ. ಕೊಳವಿ ಮುಚ್ಚಿದ್ರ ಮನಿ ಉಳೀತದೇನು?" ಎಂದರು. ಎಷ್ಟೋ ವರ್ಷದಿಂದ ಮಣ್ಣಿನ ಮಾಳಿಗೆಯ ಕೆಳಗೆ ಮಲಗುವ ಮನುಷ್ಯನಿಗೆ ಒಂದು ನಿಮಿಷದಲ್ಲಿ ತಿಳಿದದ್ದು, ಒಂಬತ್ತು ದಿನ ಶಾಸ್ತ್ರೀಯವಾಗಿ ನೋಡಿದ ನನಗೆ ತಿಳಿದಿರಲಿಲ್ಲ.

ಸೇಡಮ್ಮಿನಲ್ಲಿ ನಿಶ್ಚಯದ ಮನೆಯ ಮುಂದೆ ಬೀಗರೆಲ್ಲ ಸಾಲಾಗಿ ನಿಂತಿದ್ದರು. ಹೊರಗೆ ಲಕಲಕ ಬಿಸಿಲು. ನಮ್ಮ ಕಾರು ಬಂತು. ಒಳಗೆ ಕೊಡೆ ಬಿಚ್ಚಿಕೊಂಡ ಹಿರಿಯರು. ಬೀಗರು ನೋಡುತ್ತಿರುವಂತೆಯೇ ನಾನು ಕೊನೆಯ ಬ್ರೇಕ್ ಹಾಕಿದೆ. ಉಳಿದದ್ದೂ ಬಂತು.

ಮಾವ ಇಳಿದರು. ಹೊಸ ರುಮಾಲಿನ ಬಣ್ಣ ಇಳಿದು ಮುಖ, ಬಿಳಿ ಅಂಗಿ, ಧೋತರದ ತುದಿಯವರೆಗೂ ಕೆಂಪು ಹರಿದಿತ್ತು. ಬೀಗರ ಪೈಕಿ ಒಬ್ಬರು ಕೈಮುಗಿದು, "ಯಜಮಾನ್ರ, ಹೋಳಿ ಹುಣ್ಣಿಮಿ ಇನ್ನಾ ಭಾಳ ದೂರ ಅದಲ್ರಿ?" ಎಂದು ವಿನಯದಿಂದಲೇ ಕೇಳಿದರು. ಎಲ್ಲರೂ ನಕ್ಕರು. ಸುವರ್ಣಾ ನಗಲಿಲ್ಲ. ಒದ್ದೆ ಸೆರಗು ಹಿಂಡುತ್ತ ನನ್ನ ಕಡೆ ಒಮ್ಮೆ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಬೀಗರ ಮುಂದೆ ಅಪ್ಪ ಕಾರಿನಿಂದ ಇಳಿಯಬೇಕೆಂಬ ಅವಳ ಆಸೆಯನ್ನು ನಾನು ಹೀಗೆ ತೀರಿಸಿದ್ದೆ. ನನಗೆ ನಿಜವಾಗಿ ಅಳು ಬಂತು, ಆದರೆ ಅಂದು ಮುಖದ ಮೇಲೆ ಇನ್ನಷ್ಟು ನೀರು ಬೇಡವೆಂದು ತಡೆದುಕೊಂಡೆ.

ಮರುದಿನ ಕಾರನ್ನು ಒಯ್ದು ಖಾಜಾ ಭಾಯಿಯ ಮುಂದೆ ನಿಲ್ಲಿಸಿದೆ. ಆತ ಕೊರೆಯಲು ಕುಳಿತ. ಒಂದು ಡ್ರಿಲ್ ಬಿಟ್ ಮುರಿಯಿತು. ಎರಡನೆಯದೂ ಮುರಿಯಿತು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ತೂತು ಬಿಡಿಸಿ, ತೂತಿನಿಂದ ಕೆಳಗೆ ನೀರು ಒಯ್ಯುವ ಪೈಪುಗಳಲ್ಲಿ ಕೆಟ್ಟದ್ದನ್ನು ಬದಲಿಸಿ, ಗಾಳಿ ಹೊಡೆದ. ಕೆಳಗಿನಿಂದ ಹಿಡಿ ಧೂಳು, ನಾಲ್ಕು ಬೇವಿನ ಎಲೆ ಹಾರಿ ಬಂದವು. ಮೊದಲ ದಿನ ಸೋರಿದ್ದಕ್ಕೆ ಕಾರಣ ಅಷ್ಟೇ. ಖಾಜಾ ಭಾಯಿ ಬೆವರು ಒರೆಸಿಕೊಂಡು, ಮುರಿದ ಬಿಟ್‌ಗಳನ್ನು ನನ್ನ ಅಂಗೈಗೆ ಹಾಕಿದ.

"ಸಾಬ್, ಸಿಮೆಂಟ್ ಮಾತ್ರ ಭಾಳ ಗಟ್ಟಿ ಅದ. ಯಾವ ಕಂಪನೀದು? ನಮ್ಮ ಮನಿ ಕಟ್ಟಲಿಕ್ಕ ಬೇಕಾಗಿತ್ತು."

ಇಷ್ಟು ವರ್ಷದ ನೌಕರಿಯಲ್ಲಿ ಗಿರಾಕಿಯೊಬ್ಬ ಎದುರಿಗೆ ನಿಂತು ನನ್ನ ಕೆಲಸ ಹೊಗಳಿದ್ದು ಅದೇ ಮೊದಲು.

ನಾಲ್ಕು ದಿನ ಬಿಟ್ಟು ಮಾವ ಊರಿಗೆ ಹೊರಟರು. ಬಸ್ಸಿಗೆ ಹೋಗುತ್ತಾರೆಂದೇ ತಿಳಿದಿದ್ದೆ. ಅವರು ಸುವರ್ಣಾಳ ಮುಖ ಒಮ್ಮೆ ನೋಡಿ, ಬಂದು ಕಾರಿನ ಮುಂದಿನ ಸೀಟಿನಲ್ಲಿ ಕುಳಿತರು. ಅವಳಿಗಾದ ಸಂತೋಷ ಹೇಳತೀರದು. ಓಡಿ ಬಂದು ಹಿಂದೆ ಕುಳಿತಳು. ಆಕಾಶದಲ್ಲಿ ಒಂದು ಮೋಡವಿಲ್ಲ. ಮಾವ ನಿಧಾನವಾಗಿ ಕೊಡೆಯ ಗುಂಡಿ ಬಿಚ್ಚಿದರು.

"ಮಾವ, ಮಳಿ ಇಲ್ಲಲ್ರಿ?"

"ಮಳಿ ಇಲ್ಲ, ಖರೆ ಅದ. ನೀವು ಇದ್ದೀರಲ್ಲ!"

ನಾನು ಕೀಲಿ ತಿರುಗಿಸಿದೆ. ಮೆಲ್ಲಗೆ ಎಕ್ಸಲರೇಟರ್ ಒತ್ತಿದೆ. ಹಿಂದೆ ಸುವರ್ಣಾ ತಟ್ಟನೆ ಸೆರಗು ತಲೆಯ ಮೇಲೆ ಎಳೆದುಕೊಂಡಳು.