ಗಲ್ಲಿಯನ್ನೇ ಹೆದರಿಸಿದ ಬಣ್ಣದ ತತ್ತಿಗಳು

ನಮ್ಮ ಸೋದರತ್ತೆಯ ಮನೆಯ ಹತ್ತಿರ ಬಿಳಿ ತತ್ತಿ ಇಡಲು ಕೋಳಿಗಳೇ ನಾಚಿಕೊಳ್ಳಬೇಕು! ತತ್ತಿ ಎಂದರೆ ಮೊಟ್ಟೆ. ಬಣ್ಣ ಹಾಕದೆ ಅದನ್ನು ಬೇಯಿಸುವುದು ಆಕೆಯ ಪಾಲಿಗೆ ದೊಡ್ಡ ಅಪಚಾರ.

ಬೇಸಿಗೆ ರಜೆಯಲ್ಲಿ ಭಾಲ್ಕಿಯಿಂದ ನಾವು ಮಕ್ಕಳೆಲ್ಲ ಬೀದರಿನ ಆಕೆಯ ಬಾಡಿಗೆ ಮನೆಗೆ ಹೋದರೆ ಮುಗಿಯಿತು. ಒಂದು ಪಾತ್ರೆಯಲ್ಲಿ ಈರುಳ್ಳಿ ಸಿಪ್ಪೆ, ಇನ್ನೊಂದರಲ್ಲಿ ಅರಿಶಿನ, ಮತ್ತೊಂದರಲ್ಲಿ ಬೀಟ್‌ರೂಟ್. ಬಣ್ಣ ಹಿಡಿಯಲೆಂದು ನಿಂಬೆಹುಳಿ. ಕೊತ್ತಂಬರಿ ಎಲೆ ಇಟ್ಟು, ಬಟ್ಟೆ ಸುತ್ತಿ, ದಾರ ಬಿಗಿದು ಕುದಿಸಿದರೆ ತತ್ತಿಯ ಮೇಲೆ ಎಲೆಯ ಅಚ್ಚು! ಬೀಟ್‌ರೂಟ್ ಮಾತ್ರ ತತ್ತಿಗಿಂತ ನನ್ನ ಅಂಗಿಗೇ ಚೆನ್ನಾಗಿ ಹತ್ತುತ್ತಿತ್ತು. ಇಷ್ಟಾದ ಮೇಲೆ ತಿನ್ನಲು ಬಿಡುತ್ತಿದ್ದಳೇ?

“ಇಷ್ಟು ಚಂದ ಅವ, ಒಡೀಲಾಕ ಮನಸ್ಸರ ಹ್ಯಾಂಗ ಬರ್ತದ ನಿಮಗ?”

ನಾವು ಬೇರೆ ತತ್ತಿಯ ಆಮ್ಲೆಟ್ ತಿಂದು ಮಲಗುತ್ತಿದ್ದೆವು.

ಮದುವೆಯಾಗದ ಅತ್ತೆಗೆ ನಾವೇ ಮಕ್ಕಳು. ನಾವು ದೊಡ್ಡವರಾದೆವು, ರಜೆಗೆ ಹೋಗುವುದು ನಿಂತಿತು. ಈಚೆಗೆ ಆಕೆಗೆ ಔರಾದಿಗೆ ವರ್ಗವಾಯಿತು. ಹೊಸ ಗಲ್ಲಿ, ಗುರುತಿಲ್ಲದ ಮಂದಿ. ಈ ಬೇಸಿಗೆಯಲ್ಲಿ ಒಬ್ಬಳೇ ಕೂತು ತತ್ತಿಗೆ ಬಣ್ಣ ಹಾಕಿ, ಬಾಗಿಲ ಕಟ್ಟೆಯ ಮೇಲೆ ಒಣಗಲಿಟ್ಟಿದ್ದಾಳೆ. ಪಕ್ಕದಲ್ಲಿ ಹಿಂಡಿದ ನಿಂಬೆಹೋಳು, ದಾರದ ತುಂಡು. ಇನ್ನೇನು ಬೇಕು?

ಅತ್ತೆಯ ಮನೆ ಮಾಲೀಕರು ನನಗೆ ಫೋನಿನಲ್ಲಿ ಅರಚಿದರು. “ಲಗೂ ಬರ್ರಿ! ನಿಮ್ಮ ಅತ್ತಿ ಬಾನಾಮತಿ ಮಾಡ್ಲತ್ತಾರ!”

ಬಾನಾಮತಿ ಎಂದರೆ ನಮ್ಮ ಕಡೆ ಮಾಟಕ್ಕಿಂತ ಒಂದು ಕೈ ಮೇಲು. ಭಾಲ್ಕಿಯಿಂದ ಬಸ್ಸು ಹಿಡಿದು ನಾನು ಮುಟ್ಟುವ ಹೊತ್ತಿಗೂ ಬಾಗಿಲ ಮುಂದೆ ನೆರೆದ ಮಂದಿ ಕದಲಿರಲಿಲ್ಲ!

“ಅರಿಷಿಣದ ತತ್ತಿ, ಲಿಂಬಿಕಾಯಿ, ದಾರ! ಸುಮ್ಮಸುಮ್ಮನ ಯಾರ ಇಡ್ತಾರ್ರಿ?” ಎಂದಳು ಎದುರು ಮನೆಯ ಹೆಂಗಸು, ದೂರದಿಂದಲೇ.

ನಾನು ಒಂದು ಹಳದಿ ತತ್ತಿ ಎತ್ತಿ, ಕಟ್ಟೆಗೆ ಕುಟ್ಟಿ, ಸುಲಿದು ನುಂಗಿದೆ. ರಕ್ತ ಕಾರುತ್ತೇನೆಂದು ಎಲ್ಲರೂ ನನ್ನ ಬಾಯನ್ನೇ ನೋಡಿದರು. ಬಂದದ್ದು ಬಿಕ್ಕಳಿಕೆ! ಮಂದಿ ನಗುತ್ತ ಚದುರಿದರು.

ಒಳಗೆ ಹೋಗಿ ಅತ್ತೆಯನ್ನು ದಬಾಯಿಸಿದೆ. “ಹೊರಗ ಯಾಕ ಇಟ್ಟಿದಿ? ಒಳಗ ಒಣಗ್ತಿದ್ದಿಲ್ಲೇನು?”

ಆಕೆ ನನಗೆ ನೀರು ಕೊಟ್ಟಳು.

“ಒಳಗ ಇಟ್ರ ಯಾರ ನೋಡ್ತಾರ? ‘ಏನ್ರಿ ಇದು’ ಅಂತ ಕೇಳ್ಲಾಕರ ಯಾರರ ಮನಿಗಿ ಬರ್ತಾರ ಅಂದ್ಕೊಂಡಿದ್ದೆ. ಅಷ್ಟು ಮಂದಿ ಬಂದ್ರು, ಒಬ್ಬರೂ ಒಳಗ ಬರ್ಲಿಲ್ಲ ನೋಡು.”

ನನಗೆ ಅಳು ಬಂತು. ಎದ್ದು ಬಾಗಿಲಿಗೆ ಹೋಗಿ ಎದುರು ಮನೆಯ ಹೆಂಗಸನ್ನು ಕೂಗಿದೆ. “ಅಕ್ಕಾರ, ಒಳಗ ಬರ್ರಿ. ಬಣ್ಣ ಹ್ಯಾಂಗ ಹಾಕ್ತಾರ, ನಮ್ಮ ಅತ್ತಿ ತೋರಿಸ್ತಾಳ.”

ಆ ಹೆಂಗಸು ಇನ್ನೂ ಯೋಚಿಸುತ್ತ ನಿಂತಿದ್ದಳು. ನನ್ನ ಹಿಂದೆ ಅತ್ತೆ ಆಗಲೇ ಚಾಪೆ ಹಾಸುತ್ತಿದ್ದಳು.