ಗಗನಧೀರನ ಗುಣದೋಷ, ಮತ್ತು ನನ್ನದು

ವಿಮರ್ಶೆ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ಇಪ್ಪತ್ತು ವರ್ಷಗಳಿಂದ ನಡೆದ ಪ್ರತಿ ನಾಟಕ, ಪ್ರತಿ ಯಕ್ಷಗಾನದ ಗುಣದೋಷಗಳನ್ನು ವೇದಿಕೆಯ ಮೇಲೆ ನಿಂತು ಎತ್ತಿ ಹೇಳಿದವನು ನಾನೇ. ಗುಣ ಎರಡು, ದೋಷ ಹನ್ನೊಂದು, ಕೊನೆಗೆ 'ಒಟ್ಟಿನಲ್ಲಿ ಪ್ರಯತ್ನ ಸ್ತುತ್ಯರ್ಹ'. ಇದು ನನ್ನ ಅಳತೆ. ಪರೇಲಿನ ಆಫೀಸಿನಲ್ಲಿ ನಾನು ಬರೀ ಸೀನಿಯರ್ ಕ್ಲರ್ಕ್. ಮಾಟುಂಗದಲ್ಲಿ ವಿಮರ್ಶಕ! ವಂದನಾರ್ಪಣೆಯಲ್ಲಿ ಮೈಕಿನವರ ಹೆಸರು, ಚಹಾದವರ ಹೆಸರು ಬರುತ್ತದೆ, ನನ್ನದು ಒಮ್ಮೆಯೂ ಬಂದಿಲ್ಲ ಎಂಬುದು ಬೇರೆ ಮಾತು.

ಕಳೆದ ತಿಂಗಳು ಸಂಘದ ಕಾರ್ಯದರ್ಶಿ ಭಂಡಾರಿಯವರ ಫೋನ್ ಬಂತು. ಮಂಗಳೂರಿನ ಕಡೆಯವರು, ಮಾತು ಯಾವಾಗಲೂ ಅವಸರ.

"ಎಂತ ಮಾರಾಯ್ರೇ, ಸಂಘಕ್ಕೆ ಯುವಜನರೇ ಬರುವುದಿಲ್ಲ. ಹಾಲ್‌ನಲ್ಲಿ ನಲವತ್ತರ ಕೆಳಗಿನವರು ಅಂದ್ರೆ ಕ್ಯಾಟರಿಂಗಿನವರು ಮಾತ್ರ. ಆ ಸೂಪರ್‌ಹೀರೋ ಸಿನಿಮಾದ ಎರಡನೇ ಭಾಗ ಬರ್ತಾ ಉಂಟಲ್ಲ, ಅದರ ಗುಣದೋಷ ನೀವು ಅರ್ಧ ಗಂಟೆ ಹೇಳಿ. ಆಮೇಲೆ ಮೊದಲನೇ ಭಾಗದ ಮೇಲೆ ಒಂದು ಕ್ವಿಜ್ ಇಡುವ. ಗೆದ್ದವರಿಗೆ ಟೀ ಶರ್ಟ್."

ಸಿನಿಮಾದ ಹೆಸರು 'ಗಗನಧೀರ' ಎಂದಿಟ್ಟುಕೊಳ್ಳಿ. ನಿಜವಾದ ಹೆಸರು ಹೇಳಲಾರೆ. ಇನ್ನೊಮ್ಮೆ ಯಾರ ಸಿನಿಮಾವನ್ನೂ ಹಾಳು ಮಾಡುವ ಧೈರ್ಯ ನನಗಿಲ್ಲ.

ನಾನು ಒಪ್ಪಿಕೊಂಡ ಸುದ್ದಿ ಕೇಳಿ ಹೆಂಡತಿ ಸುನಂದಾ ಮೆಂತ್ಯದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಮೊದಲನೇ ಭಾಗ ನೋಡೀರೇನು?"

"ಮಹಾಭಾರತ ನೋಡೀನಿ. ಎಲ್ಲಾ ಅದರಾಗ ಬಂತು!"

"ಬಂತು ಬಂತು. ನಿಮ್ಮ ಮಗಳ ಮುಂದ ಮರ್ಯಾದಿ ಕಳಕೋಬ್ಯಾಡ್ರಿ ಅಷ್ಟ."

ಮಾತು ನಾಟಿತು. ಮಗಳು ಅನಘಾಳಿಗೆ ಹದಿನಾರು ವರ್ಷ. ಕನ್ನಡ ತಿಳಿಯುತ್ತದೆ, ಮಾತಾಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿಯ ಗಾಡಿ ಹತ್ತಿಬಿಡುತ್ತಾಳೆ. ಹತ್ತನೇ ವಯಸ್ಸಿನಲ್ಲಿ 'ಅಲ್ಲಿ ಎಲ್ಲಾ ಅಂಕಲ್ ಲೋಗ್' ಎಂದು ಸಂಘ ಬಿಟ್ಟವಳು ಮತ್ತೆ ಆ ಕಡೆ ತಲೆ ಹಾಕಿಲ್ಲ. ನಾಲ್ಕು ಜನ ಚಪ್ಪಾಳೆ ತಟ್ಟುವ ಕಡೆ ಅವಳು ನನ್ನನ್ನು ಒಮ್ಮೆಯಾದರೂ ನೋಡಬೇಕು ಎಂಬುದು ಆರು ವರ್ಷದಿಂದ ನನ್ನೊಳಗಿದ್ದ ಆಸೆ. ಮನೆಯಲ್ಲಂತೂ ನನಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಆದರೆ ಗಗನಧೀರನ ಹೆಸರು ಕೇಳಿದ್ದೇ ಅವಳು ಕಿವಿಯಿಂದ ಇಯರ್‌ಫೋನ್ ತೆಗೆದಳು! ಇದು ನಮ್ಮ ಮನೆಯಲ್ಲಿ ಅಪರೂಪದ ಘಟನೆ.

"ಪಪ್ಪಾ, ಸೀರಿಯಸ್ಲಿ? ನಾನು ಬರ್ತೀನಿ. ಫ್ರೆಂಡ್ಸ್ ಭೀ. ಅವತ್ತೇ ಶಾಮ್ ಕೋ ನಮ್ಮ ಶೋ ಇದೆ, ಪರೇಲ್‌ನಲ್ಲಿ. ಲೇಕಿನ್ ಸ್ಟೋರಿ ನಹೀ ಬತಾನಾ. ತೀನ್ ಸಾಲ್ ಕಾಯ್ದೀವಿ. ಪ್ರಾಮಿಸ್?"

"ಛೇ! ನಾನು ವಿಮರ್ಶಕ. ಕಥಿ ಹೇಳಾಂವ ಅಲ್ಲ" ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದೆ.

ಸಿನಿಮಾ ಬಿಡುಗಡೆಯಾದ ಶುಕ್ರವಾರ ಅರ್ಧ ದಿನ ರಜೆ ಹಾಕಿ, ಮನೆಯ ಹತ್ತಿರ ಬೊರಿವಲಿಯಲ್ಲೇ ಬೆಳಗಿನ ಆಟಕ್ಕೆ ಹೋದೆ. ನನ್ನ ಕನ್ನಡಕದ ಮೇಲೆ ಥಿಯೇಟರಿನವರು ಕೊಟ್ಟ ತ್ರೀಡಿ ಕನ್ನಡಕ. ಅವರದು ಮೂಗಿನ ತುದಿಗೆ ಜಾರಿದಾಗಲೆಲ್ಲ ಗಗನಧೀರ ಇಬ್ಬರಾಗುತ್ತಿದ್ದ. ಕತ್ತಲಲ್ಲಿ ಟಿಪ್ಪಣಿ ಮಾಡಿಕೊಂಡೆ. ಹೊರಗೆ ಬಂದು ನೋಡಿದರೆ ಹನ್ನೆರಡು ವಾಕ್ಯಗಳೂ ಒಂದೇ ಸಾಲಿನ ಮೇಲೆ ಬಿದ್ದಿದ್ದವು!

ಸಿನಿಮಾ ಕೆಟ್ಟದ್ದೇನಲ್ಲ. ಖಳನಾಯಕನಿಗೆ ಸಿಟ್ಟು ಬರಲು ಸರಿಯಾದ ಕಾರಣವಿತ್ತು, ನಮ್ಮ ಬಿಲ್ಡಿಂಗಿನ ಮೀಟಿಂಗುಗಳಲ್ಲಿ ಅದೂ ಇರುವುದಿಲ್ಲ. ನಾಯಕನ ತಾಯಿ ಬರುವುದು ಒಂದೇ ದೃಶ್ಯಕ್ಕಾದರೂ, ಹಾರಿ ಬಂದ ಮಗನನ್ನು 'ಮೊದಲು ಬೂಟು ಬಿಚ್ಚು' ಎಂದು ಗದರಿಸಿದಾಗ ನಾನು ಗಟ್ಟಿಯಾಗಿ ನಕ್ಕೆ. ದೋಷಗಳೂ ಇದ್ದವು. ಬೇರೆ ಬೇರೆ ಸಿನಿಮಾಗಳಿಂದ ಏಳು ಜನ ವೀರರು ನಡುವೆ ಇಳಿದರು, ಯಾರೆಂದು ಯಾರೂ ಹೇಳಲಿಲ್ಲ. ಮದುವೆ ಮನೆಯಲ್ಲಿ ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ತಿಳಿಯದೆ ಬಡಿಸಿದಂತಾಯಿತು. ಒಂದು ಯುದ್ಧ ಸಾಕಾಗುವಲ್ಲಿ ಮೂರು ಯುದ್ಧ. ಎರಡನೆಯದರಲ್ಲಿ ನಾನೊಂದು ಸಣ್ಣ ನಿದ್ದೆ ತೆಗೆದೆ, ಎದ್ದಾಗಲೂ ಅದೇ ಕಟ್ಟಡ ಬೀಳುತ್ತಿತ್ತು.

ಕೊನೆಗೆ ಊರನ್ನು ಉಳಿಸಲು ಗಗನಧೀರ ಖಳನ ಯಂತ್ರದೊಳಗೆ ತಾನೇ ಧುಮುಕಿದ. ಸತ್ತ. ನಿಜ ಹೇಳುತ್ತೇನೆ, ಎರಡೂ ಕನ್ನಡಕಗಳ ಹಿಂದೆ ನಾನು ಅತ್ತೆ.

ಪರದೆಯ ಮೇಲೆ ಹೆಸರುಗಳು ಏರತೊಡಗಿದವು. ನಾನು ಎದ್ದೆ. ಬೊರಿವಲಿಯಲ್ಲಿ ಇಳಿಯುವವನು ಹಿಂದಿನ ಸ್ಟೇಷನ್ ಕಾಂದಿವಲಿಯಲ್ಲೇ ಎದ್ದು ಬಾಗಿಲ ಹತ್ತಿರ ನಿಲ್ಲಬೇಕು. ಲೋಕಲ್ ಗಾಡಿ ನನಗೆ ಮೂವತ್ತು ವರ್ಷದಿಂದ ಕಲಿಸಿದ ಪಾಠವದು. ಆಶ್ಚರ್ಯವೆಂದರೆ ಬೇರೆ ಯಾರೂ ಏಳಲಿಲ್ಲ. ಪಾಪ, ದುಃಖ ತಡೆಯಲಾರದೆ ಕೂತಿದ್ದಾರೆ ಎಂದುಕೊಂಡು ಲಿಫ್ಟ್ ಹಿಡಿದೆ. ಲಿಫ್ಟಿನಲ್ಲಿ ನಾನೊಬ್ಬನೇ. ಎಂಥ ಜಾಣ!

ಭಾನುವಾರ ಮಧ್ಯಾಹ್ನ ಸಂಘದ ಹಾಲ್. ಮೂರನೇ ಸಾಲಿನಲ್ಲಿ ಅನಘಾ ಮತ್ತು ಮೂವರು ಗೆಳತಿಯರು. ಅವರನ್ನು ಕಂಡ ಭಂಡಾರಿಯವರು ಸಂತೋಷದಿಂದ ಎರಡು ಸಲ ಮಜ್ಜಿಗೆ ಕೊಡಿಸಿದರು. ಮೊದಲ ಸಾಲಿನಲ್ಲಿ ಬೆಳಗಾವಿಯ ಗೋದಾವರಿಬಾಯಿ, ಎಂಬತ್ತರ ಅಜ್ಜಿ, ಕಾರ್ಯಕ್ರಮ ಯಾವುದೇ ಇರಲಿ ತಪ್ಪಿಸುವವರಲ್ಲ. ನಾನು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಮೈಕಿನ ಮುಂದೆ ನಿಂತೆ.

ಇಲ್ಲಿ ಒಂದು ಪದ್ಧತಿಯ ವಿಷಯ ಹೇಳಬೇಕು. ನಮ್ಮಲ್ಲಿ ಗುಣದೋಷಕ್ಕೆ ಮೊದಲು ಕಥಾಸಾರ ಹೇಳಲೇಬೇಕು. ದೀಪ ಹಚ್ಚದೆ ಸಭೆ ಶುರುವಾಗುತ್ತದೆಯೇ? ದುರ್ಯೋಧನನ ತೊಡೆ ಮುರಿಯುತ್ತದೆ ಎಂದು ಮೊದಲೇ ಹೇಳಿದರೆ ನಮ್ಮ ಜನ ಎದ್ದು ಹೋಗುವುದಿಲ್ಲ. ಹೇಗೆ ಮುರಿಯುತ್ತಾರೋ ನೋಡೋಣ ಎಂದು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಆಣೆ ಮಾಡಿದ್ದು ಕಥೆಯ ವಿಷಯದಲ್ಲಿ. ಕಥಾಸಾರದ ವಿಷಯ ಅದರೊಳಗೆ ಬರುತ್ತದೆಂದು ನನಗೆ ದೇವರಾಣೆ ಹೊಳೆಯಲಿಲ್ಲ!

"ಸಹೃದಯರೇ, ಮೊದಲಿಗೆ ಸಂಕ್ಷಿಪ್ತವಾಗಿ ಕಥಾಸಾರ" ಎಂದು ಆರಂಭಿಸಿದೆ.

ಖಳನ ಪ್ರವೇಶದವರೆಗೆ ಬಂದಾಗ ಅನಘಾ ಎರಡೂ ಕೈ ಎತ್ತಿ ಅಡ್ಡಡ್ಡ ಆಡಿಸಿದಳು. ಮೈಕ್ ಕೇಳಿಸುತ್ತಿಲ್ಲವೆಂದು ತಿಳಿದು ದನಿ ಏರಿಸಿದೆ. ಅವಳು ಎದ್ದು ನಿಂತು ಬಾಯಿಗೆ ಕೈ ಅಡ್ಡ ಹಿಡಿದಳು. ಭಾವಪರವಶಳಾಗಿದ್ದಾಳೆ ಎಂದುಕೊಂಡೆ. ಆರು ವರ್ಷಗಳ ನಂತರ ಮಗಳು ನನ್ನ ಭಾಷಣಕ್ಕೆ ಎದ್ದು ನಿಂತಿದ್ದಾಳೆ! ಇನ್ನು ನನ್ನನ್ನು ತಡೆಯುವವರು ಯಾರು?

"ಆ ಮಹಾವೀರನು ಯಂತ್ರದೊಳಗೆ ಧುಮುಕಿ ವೀರಮರಣವನ್ನಪ್ಪುತ್ತಾನೆ!" ಎಂದು ಗುಡುಗಿದೆ. ಗೆಳತಿಯರಲ್ಲಿ ಇಬ್ಬರಿಗೆ ಕನ್ನಡ ಬಾರದು ಎಂಬುದು ತಕ್ಷಣ ನೆನಪಾಯಿತು. ಅತಿಥಿಗಳಿಗೆ ಅನ್ಯಾಯವಾಗಬಾರದಲ್ಲ? ಮುಂದಕ್ಕೆ ಬಾಗಿ ಹಿಂದಿಯಲ್ಲೂ ಹೇಳಿದೆ.

"ಗಗನಧೀರ್ ಮರ್ ಜಾತಾ ಹೈ!"

ಹಾಲ್ ಸ್ತಬ್ಧವಾಯಿತು. ಅಂಥ ಮೌನವನ್ನು ಕಂಡು ನನಗೆ ಇನ್ನಷ್ಟು ಆವೇಶ ಬಂತು. ಆ ಆವೇಶದಲ್ಲಿ ಕಾರ್ಯಕ್ರಮದಲ್ಲಿ ಇಲ್ಲದ್ದನ್ನೂ ಸೇರಿಸಿದೆ: "ಅವನಿಗಾಗಿ ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸೋಣ."

ನಮ್ಮ ಸಂಘದ ಹಿರಿಯರಿಗೆ ಸಂತಾಪ ಸಭೆಗಳ ಅಭ್ಯಾಸ ಚೆನ್ನಾಗಿದೆ. ಯಾರು, ಎತ್ತ ಎಂದು ಕೇಳದೆ ಎಲ್ಲರೂ ಎದ್ದು ಕೈಕಟ್ಟಿ ನಿಂತರು. ಭಂಡಾರಿಯವರು ಗಡಿಯಾರ ನೋಡತೊಡಗಿದರು.

ಇಪ್ಪತ್ತು ಸೆಕೆಂಡು ಕಳೆದಿರಬೇಕು. ಮೊದಲ ಸಾಲಿನಿಂದ ದನಿ ಬಂತು.

"ಅಂವ ಸತ್ತಿಲ್ಲೋ!"

ಗೋದಾವರಿಬಾಯಿ! ಮೊಮ್ಮಗಳ ಜೊತೆ ಶನಿವಾರವೇ ಸಿನಿಮಾ ನೋಡಿ ಬಂದಿದ್ದರಂತೆ.

"ಹೆಸರು ಮುಗಿಯೂತನಾ ಕೂಡಲಿಲ್ಲೇನು ನೀ? ಹೆಸರೆಲ್ಲಾ ಮುಗದ ಮ್ಯಾಲೆ ಮಣ್ಣಾಗಿಂದ ಅವನ ಕೈಬಟ್ಟು ಅಲಗಾಡ್ತದ. ಅವರವ್ವನ ದನಿ ಕೇಳಿ ಎದ್ದು ಕೂಡತಾನ. ಮತ್ತ ಆ ಖಳನಾಯಕ ಅದಾನಲ್ಲ, ಅಂವ ಇವನ ಸ್ವಂತ ಅಣ್ಣ! ಅದನ್ನೂ ಹೇಳಲಿಲ್ಲ ನೀ. ನಡುವ ನಿದ್ದಿ ಮಾಡಿದ್ಯೇನು?"

ನಾನು ಉಳಿಸಿದ್ದ ಎರಡೇ ಎರಡು ಗುಟ್ಟುಗಳು, ಅದೂ ನನಗೇ ಗೊತ್ತಿಲ್ಲದ್ದರಿಂದ ಉಳಿದಿದ್ದವು, ಅವೂ ಹೊರಬಿದ್ದವು. ಹಾಲ್‌ನಲ್ಲಿ ಎದ್ದ ನಗು ಮಾಟುಂಗ ರೋಡ್ ಸ್ಟೇಷನ್‌ವರೆಗೆ ಕೇಳಿಸಿರಬೇಕು. ಮೂರನೇ ಸಾಲಿನಲ್ಲಿ ಮಾತ್ರ ನಾಲ್ವರು ನಗಲಿಲ್ಲ. ಅನಘಾಳ ಕಣ್ಣು ತುಂಬಿತ್ತು.

"ಪಪ್ಪಾ, ಪ್ರಾಮಿಸ್ ಮಾಡಿದ್ರಿ" ಎಂದಳು. ಅಚ್ಚ ಕನ್ನಡದಲ್ಲಿ ಅಲ್ಲದಿದ್ದರೂ ಪೂರ್ತಿ ಅರ್ಥವಾಗುವಂತೆ ಹೇಳಿ, ಗೆಳತಿಯರ ಜೊತೆ ಹೊರಟುಹೋದಳು. ಮೂರು ವರ್ಷ ಅವಳು ಕಾದದ್ದನ್ನು ನಾನು ಮೂರು ನಿಮಿಷದಲ್ಲಿ ತಿಂದು ತೇಗಿದ್ದೆ. ಕ್ವಿಜ್‌ಗೆ ಸ್ಪರ್ಧಿಗಳೇ ಉಳಿಯಲಿಲ್ಲ. ಟೀ ಶರ್ಟ್ ಗೋದಾವರಿಬಾಯಿಗೆ ಹೋಯಿತು.

ಸಂಜೆ ಸುನಂದಾ ನನಗೆ ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ರಾತ್ರಿ ಸಿನಿಮಾ ಮುಗಿಸಿ ಬಂದ ಅನಘಾ ಚಪ್ಪಲಿ ಬಿಚ್ಚುತ್ತಲೇ ವರದಿ ಒಪ್ಪಿಸಿದಳು.

"ಮೂವಿ ಓಕೆ. ಪೂರಾ ಥಿಯೇಟರ್ ಅಳ್ತಿತ್ತು. ನಾವು ನಾಲ್ಕು ಜನ ಪಾಪ್‌ಕಾರ್ನ್ ತಿಂತಿದ್ವಿ."

"ತಪ್ಪಾತವಾ" ಎಂದೆ.

ಅವಳು ಚಪ್ಪಲಿಯನ್ನು ಮೂಲೆಗಿಟ್ಟು ನನ್ನ ಕಡೆ ತಿರುಗಿದಳು. ತುಟಿಯ ಕೊನೆಯಲ್ಲಿ ಎಲ್ಲೋ ನಗು ಇತ್ತು. "ಆ ಅಜ್ಜಿ ಮಸ್ತ್ ಇದ್ದಾರೆ ಪಪ್ಪಾ. ಫ್ರೆಂಡ್ಸ್ ಕೋ ಭೀ ಇಷ್ಟ ಆಯ್ತು. ನೆಕ್ಸ್ಟ್ ಮಂಥ್ ಅವರು ಭಾಗ ಒಂದರ ಮೇಲೆ ಮಾತಾಡ್ತಾರಂತೆ, ಭಂಡಾರಿ ಅಂಕಲ್ ಹೇಳಿದ್ರು. ನಾವು ಹೋಗ್ತೀವಿ, ಕ್ಲಾಸ್‌ನವರನ್ನೂ ಕರ್ಕೊಂಡು. ಲೇಕಿನ್ ಒಂದು ಕಂಡೀಷನ್."

"ಹೇಳವಾ, ಏನ್ ಬೇಕಾದ್ರೂ."

"ನೀವು ಬರಬ್ಯಾಡ್ರಿ."

ಇಂದು ಆ ಭಾನುವಾರ. ತಾಯಿ ಮಗಳು ಮಾಟುಂಗಕ್ಕೆ ಹೋಗಿದ್ದಾರೆ. ನಾನು ಬೊರಿವಲಿಯ ಅಡಿಗೆಮನೆಯಲ್ಲಿ ಕುಕ್ಕರಿನ ಮೂರನೇ ಸೀಟಿಗೆ ಕಾಯುತ್ತಿದ್ದೇನೆ. ತಡೆಯಲಾರದೆ ಸುನಂದಾಳಿಗೆ ಫೋನ್ ಹಚ್ಚಿದೆ.

"ಹೆಂಗಾತು?"

"ಹಾಲ್ ತುಂಬಿ ಹೊರಗ ಮಂದಿ ನಿಂತಿದ್ರು ನೋಡ್ರಿ. ಎಲ್ಲಾ ಹುಡುಗ್ರು! ನಿಮ್ಮ ಮಗಳು ಕನ್ನಡದಾಗ ಎರಡು ಪ್ರಶ್ನಿ ಕೇಳಿದ್ಲು."

ಎದೆ ಉಬ್ಬಿತು. "ನನ್ನ ಸುದ್ದಿ ಯಾರಾದರೂ ತೆಗದ್ರೇನು?"

"ತೆಗದ್ರಲ್ಲ. ಭಂಡಾರಿಯವರು ವಂದನಾರ್ಪಣಿಯೊಳಗ ನಿಮ್ಮ ಹೆಸರು ತೊಗೊಂಡ್ರು. ಬರಲಾರದ್ದಕ್ಕ ಧನ್ಯವಾದ ಹೇಳಿದ್ರು."

ಇಪ್ಪತ್ತು ವರ್ಷಗಳಲ್ಲಿ ವಂದನಾರ್ಪಣೆಯಲ್ಲಿ ನನ್ನ ಹೆಸರು ಬಂದದ್ದು ಇದೇ ಮೊದಲು!